ಗಂಜಿಯೂ ಗಾಜಿನ ನೂಲೂ: ಎಳೆಯನ್ನು ಕಾಯುವ ಲೇಪದ ಚರಿತ್ರೆ

ಚರಿತ್ರೆಯೆಂದೊಡನೆ ಈ ಸೀಮೆಯ ಕನ್ನಡಿಗರ ಕಣ್ಣಿಗೆ ಮೊದಲು ಕಟ್ಟುವುದು ದಿಂಡಿಗಲ್ಲಿನ ಕೋಟೆ. ೧೭೫೫ರಲ್ಲಿ ಹೈದರನು ಮೈಸೂರಿನ ಫೌಜುದಾರನಾಗಿ ಅಲ್ಲಿ ಬಂದು ನಿಂತದ್ದೂ, ೧೭೯೨ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಆ ಸೀಮೆ ಟೀಪುವಿನ ಕೈಬಿಟ್ಟು ಇಂಗ್ಲಿಷ್ ಕಂಪನಿಗೆ ಸೇರಿದ್ದೂ ಶಾಲೆಯ ಮಕ್ಕಳಿಗೂ ತಿಳಿದ ಸಂಗತಿಗಳೇ. ಕೋಟೆಯನ್ನು ಯಾರು ಹಿಡಿದರು, ಯಾರು ಬಿಟ್ಟರು ಎಂಬುದನ್ನು ಬರೆದಿಡಲು ಬರಹಗಾರರಿದ್ದರು. ಆದರೆ ಆ ಕೋಟೆಯ ನೆರಳಿನ ಊರುಗಳಲ್ಲಿ ಬೆಳಗಿನ ಜಾವಕ್ಕೆ ಎದ್ದು, ಬೀದಿಯುದ್ದಕ್ಕೂ ನೂಲನ್ನು ಹಾಸಿ, ಅದಕ್ಕೆ ಗಂಜಿಯನ್ನು ಸವರಿ, ಬಿಸಿಲೇರುವ ಮೊದಲು ಒಣಗಿಸಿ ಸುತ್ತಿಕೊಂಡು ಹೋದವರ ಚರಿತ್ರೆಯನ್ನು ಬರೆಯಬೇಕೆಂದು ಹೆಚ್ಚು ಜನಕ್ಕೆ ತೋರಲಿಲ್ಲ.

ಇಂದು ತೇನಿ ಜಿಲ್ಲೆಯ ಆಂಡಿಪಟ್ಟಿಯ ಕಡೆಗೆ ಹೋದವರಿಗೆ ಬಯಲಿನಲ್ಲಿ ಎತ್ತರದ ಗಾಳಿಯಂತ್ರಗಳು ಕಾಣಿಸುತ್ತವೆ. ಅವುಗಳ ಉದ್ದನೆಯ ರೆಕ್ಕೆಗಳು ಮರದವೂ ಅಲ್ಲ, ಲೋಹದವೂ ಅಲ್ಲ. ಗಾಜಿನ ನೂಲನ್ನು ರಾಳದಲ್ಲಿ ನೆನೆಸಿ ಗಟ್ಟಿಮಾಡಿದ ರೆಕ್ಕೆಗಳು ಅವು. ಆ ಗಾಜಿನ ನೂಲು ಕಾರ್ಖಾನೆಯಲ್ಲಿ ಹುಟ್ಟಿದ ಮರುಕ್ಷಣವೇ ಅದರ ಮೈಗೊಂದು ತೆಳುವಾದ ಲೇಪ ಬೀಳುತ್ತದೆ. ಆ ಲೇಪವಿಲ್ಲದಿದ್ದರೆ ರೆಕ್ಕೆಯೇ ಇಲ್ಲ. ಇಂಗ್ಲಿಷಿನಲ್ಲಿ ಆ ಕೆಲಸಕ್ಕೆ ಸೈಜಿಂಗ್ ಎಂದು ಹೆಸರು. ನೇಕಾರನು ಹಾಸಿಗೆ ಗಂಜಿ ಹಾಕುವುದಕ್ಕೂ ಅದೇ ಹೆಸರು. ಹೆಸರು ಒಂದಾದದ್ದು ಆಕಸ್ಮಿಕವಲ್ಲ. ಅದು ಹೇಗೆ ಒಂದಾಯಿತು, ಎಲ್ಲಿಯವರೆಗೆ ಆ ಎರಡು ಕೆಲಸಗಳು ಒಂದೇ, ಎಲ್ಲಿ ಅವು ಬೇರೆಯಾದುವು ಎಂಬುದನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

೧. ನಾಡು, ಜನ, ಮಾತು

ದಿಂಡಿಗಲ್ ೧೯೮೫ರಲ್ಲಿಯೂ ತೇನಿ ೧೯೯೬ರಲ್ಲಿಯೂ ಹಳೆಯ ಮಧುರೆ ಜಿಲ್ಲೆಯಿಂದ ಬೇರ್ಪಟ್ಟು ಸ್ವತಂತ್ರ ಜಿಲ್ಲೆಗಳಾದುವು. ಪಶ್ಚಿಮಘಟ್ಟದ ಮಗ್ಗುಲಿನಲ್ಲಿ, ಕೇರಳದ ಗಡಿಗೆ ಒತ್ತಿಕೊಂಡಿರುವ ಕಂಬಂ ಕಣಿವೆಗೆ ೧೮೯೫ರಲ್ಲಿ ಪೆರಿಯಾರಿನ ನೀರು ಸುರಂಗದ ಮೂಲಕ ಹರಿದುಬಂದ ಮೇಲೆ ಅದು ಹಚ್ಚಗಾಯಿತು. ಈ ಕಣಿವೆಯಲ್ಲಿ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡು ಬಂದ ಎರಡು ಜನವರ್ಗಗಳು ಪ್ರಸಿದ್ಧವಾಗಿವೆ. ಮೊದಲನೆಯವರು ಕಪ್ಪಿಲಿಯರೆಂದು ಕರೆಯಲ್ಪಡುವ ಒಕ್ಕಲಿಗರು. ಕಂಬಂ ಊರಿನ ನಂದಗೋಪಾಲಸ್ವಾಮಿಯ ಗುಡಿಯ ದೇವರ ಹಸುಗಳ ಹಿಂಡು ಇವರ ಪಶುಪಾಲನೆಯ ಪರಂಪರೆಗೆ ಇಂದಿಗೂ ಸಾಕ್ಷಿಯಾಗಿದೆ. ಎರಡನೆಯವರು ಚೌಡೇಶ್ವರಿಯನ್ನು ಕುಲದೇವತೆಯೆಂದು ಪೂಜಿಸುವ ದೇವಾಂಗ ನೇಕಾರರು. ಇವರಲ್ಲಿ ಕನ್ನಡ ಮನೆಮಾತಿನವರೂ ಇದ್ದಾರೆ, ತೆಲುಗು ಮನೆಮಾತಿನವರೂ ಇದ್ದಾರೆ. ಬೋಡಿನಾಯಕನೂರು, ದಿಂಡಿಗಲ್ಲಿನ ಬಳಿಯ ಚಿನ್ನಾಳಪಟ್ಟಿ ಮೊದಲಾದ ಊರುಗಳಲ್ಲಿ ಇವರು ನೆಲೆಸಿದ್ದಾರೆ. ೧೯೦೯ರಲ್ಲಿ ಪ್ರಕಟವಾದ ಎಡ್ಗರ್ ಥರ್‍ಸ್ಟನ್ನನ ದಕ್ಷಿಣ ಭಾರತದ ಜಾತಿಗಳ ಗ್ರಂಥದಲ್ಲಿ ಈ ಎರಡು ಜನವರ್ಗಗಳ ಕನ್ನಡ ಮಾತಿನ ಪ್ರಸ್ತಾಪವಿದೆ.

ಇವರ ಕನ್ನಡವು ಬಹುಮಟ್ಟಿಗೆ ಬಾಯಿಮಾತಿನ ಕನ್ನಡ. ಓದು ಬರಹವೆಲ್ಲ ತಮಿಳಿನಲ್ಲಿ. ಆದುದರಿಂದ ಮನೆಯ ಮಾತು ಮನೆಯಲ್ಲಿ ಉಳಿಯಿತು, ಕಸುಬಿನ ಮಾತು ಎರಡು ಭಾಷೆಗಳ ನಡುವೆ ಓಡಾಡಿತು. ಒಂದು ಉದಾಹರಣೆಯನ್ನು ನೋಡೋಣ. ಬಟ್ಟೆಯಲ್ಲಿ ಉದ್ದಕ್ಕೆ ಓಡುವ ನೂಲನ್ನು ತಮಿಳಿನಲ್ಲಿ ‘ಪಾವು’ ಎನ್ನುತ್ತಾರೆ, ಕನ್ನಡದಲ್ಲಿ ‘ಹಾಸು’ ಎನ್ನುತ್ತೇವೆ. ಎರಡು ಮಾತುಗಳ ಹಿಂದೆಯೂ ಹರಡು ಎಂಬ ಅರ್ಥವೇ ಇದೆ. ಅಡ್ಡಕ್ಕೆ ಹೋಗುವ ನೂಲು ತಮಿಳಿನಲ್ಲಿ ‘ಊಡೈ’, ಎಂದರೆ ನಡುವೆ ನುಸುಳುವುದು. ಕನ್ನಡದಲ್ಲಿ ‘ಹೊಕ್ಕು’, ಎಂದರೆ ಒಳಹೊಗುವುದು. ಮುದನೂರಿನ ಜೇಡರ ದಾಸಿಮಯ್ಯನಂತಹ ನೇಕಾರನು ವಚನಕಾರನಾದ ನಾಡಿನಲ್ಲಿ ‘ಹಾಸುಹೊಕ್ಕು’ ಎಂಬ ಮಾತು ಮಗ್ಗದಿಂದ ಎದ್ದು ದಿನಬಳಕೆಯ ನುಡಿಗಟ್ಟಾದುದರಲ್ಲಿ ಆಶ್ಚರ್ಯವಿಲ್ಲ. ಇನ್ನು ಗಂಜಿ. ಕನ್ನಡ ತೆಲುಗುಗಳಲ್ಲಿ ಗಂಜಿ, ತಮಿಳಿನಲ್ಲಿ ಕಂಜಿ. ಈ ಮಾತು ಹಡಗು ಹತ್ತಿ ಇಂಗ್ಲಿಷಿಗೂ ಹೋಗಿ ಅಲ್ಲಿ ಕಾಂಜಿಯಾಯಿತು. ಉಣ್ಣುವ ಗಂಜಿಗೂ ಉಡುವ ನೂಲಿಗೆ ಹಾಕುವ ಗಂಜಿಗೂ ಬೇರೆ ಬೇರೆ ಹೆಸರು ನಮಗೆ ಬೇಕಾಗಲಿಲ್ಲ.

೨. ಬೀದಿಯ ಗಂಜಿ

ನೂಲಿಗೆ ಗಂಜಿ ಏಕೆ ಬೇಕು? ಇದಕ್ಕೆ ಉತ್ತರವನ್ನು ಲೆಕ್ಕದಿಂದಲೇ ಹೇಳಬಹುದು. ನಲವತ್ತೆಂಟು ಅಂಗುಲ ಅಗಲದ ಸೀರೆಗೆ ಅಂಗುಲಕ್ಕೆ ೬೦ ಎಳೆಯಂತೆ ಹಾಸು ಹೂಡಿದರೆ ಒಟ್ಟು ೨,೮೮೦ ಎಳೆಗಳಾಗುತ್ತವೆ. ಹೊಕ್ಕನ್ನು ಬಡಿದು ಕೂಡಿಸುವ ಹಣಿಗೆಯು ಐದು ಅಂಗುಲದಷ್ಟು ಜಾಗದಲ್ಲಿ ಹಿಂದೆ ಮುಂದೆ ಆಡುತ್ತದೆಂದೂ ಅಂಗುಲಕ್ಕೆ ೬೦ ಹೊಕ್ಕು ಬೀಳುತ್ತವೆಂದೂ ಇಟ್ಟುಕೊಳ್ಳೋಣ. ಆಗ ಹಾಸಿನ ಪ್ರತಿಯೊಂದು ಬಿಂದುವೂ ಬಟ್ಟೆಯಾಗಿ ನಿಲ್ಲುವ ಮೊದಲು ಮುನ್ನೂರು ಸಲ ಹಣಿಗೆಯ ಉಜ್ಜಾಟಕ್ಕೆ ಮೈಯೊಡ್ಡಬೇಕು. ಇದಲ್ಲದೆ ಎಳೆಗಳನ್ನು ಮೇಲೆತ್ತಿ ಕೆಳಗಿಳಿಸುವ ದಾರದ ಕುಣಿಕೆಗಳ ತಿಕ್ಕಾಟ ಬೇರೆ, ನೆರೆಯ ಎಳೆಯ ಉಜ್ಜಾಟ ಬೇರೆ. ಹತ್ತಿಯ ನೂಲೆಂದರೆ ಚಿಕ್ಕ ಚಿಕ್ಕ ನಾರುಗಳನ್ನು ಹುರಿಮಾಡಿದುದು. ಅದರ ಮೈಮೇಲೆ ನಾರಿನ ತುದಿಗಳು ರೋಮದಂತೆ ಎದ್ದು ನಿಂತಿರುತ್ತವೆ. ಉಜ್ಜಿದಷ್ಟೂ ಅವು ಮತ್ತಷ್ಟು ಏಳುತ್ತವೆ, ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ, ಕೊನೆಗೆ ಎಳೆ ಕಡಿಯುತ್ತದೆ. ಹೊಕ್ಕಿನ ನೂಲಿಗೆ ಈ ಕಷ್ಟವಿಲ್ಲ. ಲಾಳಿಯಿಂದ ಒಮ್ಮೆ ಬಿಚ್ಚಿಕೊಂಡು ಅದು ತನ್ನ ಜಾಗದಲ್ಲಿ ಮಲಗುತ್ತದೆ. ಆದುದರಿಂದಲೇ ಗಂಜಿಯು ಮುಖ್ಯವಾಗಿ ಹಾಸಿನ ಪಾಲಿಗೆ ಬಂತು.

ಅಕ್ಕಿಯನ್ನೋ ರಾಗಿಯನ್ನೋ ಜೋಳವನ್ನೋ ಬೇಯಿಸಿ, ಸೋಸಿ, ಅದಕ್ಕೆ ಸ್ವಲ್ಪ ಎಳ್ಳೆಣ್ಣೆ ಅಥವಾ ಕೊಬ್ಬರಿ ಎಣ್ಣೆ ಬೆರೆಸುತ್ತಿದ್ದರು. ಹಾಸನ್ನು ಬೀದಿಯಲ್ಲಿ ಕವೆಗಳ ಮೇಲೆ ಬಿಗಿದು ಹರಡಿ, ಎಳೆಗಳ ನಡುವೆ ಕೋಲುಗಳನ್ನು ತೂರಿಸಿ, ಗಂಜಿಯನ್ನು ಹಾಕಿ, ಅಗಲವಾದ ಕುಂಚದಿಂದ ಒಂದೇ ದಿಕ್ಕಿಗೆ ಸವರಿಕೊಂಡು ಹೋಗುತ್ತಿದ್ದರು. ಈ ಸವರುವಿಕೆಯೇ ಕೆಲಸದ ಜೀವಾಳ. ಗಂಜಿಯು ಎದ್ದ ರೋಮಗಳನ್ನು ಎಳೆಯ ಮೈಗೆ ಅಂಟಿಸುತ್ತದೆ, ಒಣಗಿದ ಮೇಲೆ ತೆಳುವಾದ ಪೊರೆಯಾಗಿ ನಿಂತು ಉಜ್ಜಾಟವನ್ನು ತಾನು ತಾಳಿಕೊಳ್ಳುತ್ತದೆ. ಎಣ್ಣೆಯು ಆ ಪೊರೆಯನ್ನು ಮೆದುವಾಗಿಡುತ್ತದೆ. ಕುಂಚವು ಎಳೆ ಎಳೆಯನ್ನೂ ಬಿಡಿಸುತ್ತದೆ. ಗಂಜಿ ಕಡಮೆಯಾದರೆ ರೋಮ ಏಳುತ್ತದೆ. ಹೆಚ್ಚಾದರೆ ನೂಲು ಕಡ್ಡಿಯಾಗಿ ಮಗ್ಗದಲ್ಲಿ ಮುರಿಯುತ್ತದೆ, ಪುಡಿ ಉದುರುತ್ತದೆ. ಎಳೆಗಳು ಒಂದಕ್ಕೊಂದು ಅಂಟುವ ಮೊದಲು ಬಿಡಿಸಬೇಕು, ಪೊರೆ ಕೂಡುವ ಮೊದಲು ಬಿಸಿಲು ಬೀಳಬಾರದು.

ಬೆಳಗಿನ ಜಾವವನ್ನು ಆರಿಸಿಕೊಂಡದ್ದರ ಮರ್ಮ ಇದೇ. ಆಗ ಗಾಳಿಯಲ್ಲಿ ತೇವವಿರುತ್ತದೆ, ಒಣಗುವುದು ನಿಧಾನವಾಗುತ್ತದೆ. ನೆಲದಲ್ಲಿ ಗುಂಡಿ ತೋಡಿ ಮಗ್ಗವನ್ನು ಹೂಡುತ್ತಿದ್ದುದರಲ್ಲಿಯೂ ಇದೇ ಲಾಭವಿತ್ತು. ಮಣ್ಣಿನ ತಂಪು ಹಾಸಿನ ಗಂಜಿಯನ್ನು ಒಡೆಯಗೊಡುತ್ತಿರಲಿಲ್ಲ. ಕಣಿವೆಯ ಊರುಗಳಲ್ಲಿ ಆಷಾಢದ ಗಾಳಿ ಬೇರೊಂದು ಪರೀಕ್ಷೆ. ಮುಂಗಾರಿನ ಗಾಳಿಯು ಘಟ್ಟದ ಸಂದುಗಳಿಂದ ನುಗ್ಗಿ ಬರುವಾಗ, ಹತ್ತಾರು ಗಜ ಉದ್ದಕ್ಕೆ ಬಿಗಿದ ಹಾಸು ಅದಕ್ಕೆ ಪಟದಂತೆ ಸಿಕ್ಕುತ್ತದೆ, ಧೂಳು ಹಸಿ ಗಂಜಿಗೆ ಅಂಟುತ್ತದೆ. ಮಳೆ ಬಂದರಂತೂ ಕೆಲಸ ಕೆಟ್ಟಂತೆಯೇ. ಒಬ್ಬರಿಂದಾಗುವ ಕೆಲಸ ಇದಲ್ಲವಾದ್ದರಿಂದ ಇಂದು ನಿನ್ನ ಹಾಸು, ನಾಳೆ ನನ್ನ ಹಾಸು ಎಂಬ ಮುಯ್ಯಾಳಿನ ಪದ್ಧತಿ ಬೆಳೆಯಿತು. ಗಂಜಿ ಕಾಯಿಸುವುದು, ಎಳೆ ಕೂಡಿಸುವುದು, ನೂಲು ಸುತ್ತುವುದು ಹೆಂಗಸರದೂ ಮಕ್ಕಳದೂ ಪಾಲು. ಬಟ್ಟೆಗೆ ಬಂದ ಕೂಲಿಯಲ್ಲಿ ಅವರ ಹೆಸರು ಎಲ್ಲಿಯೂ ಕಾಣುತ್ತಿರಲಿಲ್ಲ ಎಂಬುದನ್ನು ಚರಿತ್ರೆ ಬರೆಯುವವರು ಮರೆಯಬಾರದು.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಬೇಕು. ಚಿನ್ನಾಳಪಟ್ಟಿಯು ಕೃತಕ ರೇಷ್ಮೆಯ ಸೀರೆಗಳಿಗೆ ಹೆಸರಾದ ಊರು. ವಿಸ್ಕೋಸ್ ಜಾತಿಯ ಕೃತಕ ರೇಷ್ಮೆ ಹತ್ತಿಯಂತಲ್ಲ. ಹತ್ತಿ ಒದ್ದೆಯಾದರೆ ಬಲ ಕುಗ್ಗುವುದಿಲ್ಲ. ಈ ನೂಲು ಒದ್ದೆಯಾದರೆ ತನ್ನ ಬಲದ ಅರ್ಧದಷ್ಟನ್ನು ಕಳೆದುಕೊಳ್ಳುತ್ತದೆ. ಇಂತಹ ನೂಲಿಗೆ ತೆಳುವಾದ ಲೇಪ, ಮಿತವಾದ ತೇವ, ಹೆಚ್ಚು ಎಳೆತವಿಲ್ಲದೆ ಒಣಗಿಸುವ ಜಾಣ್ಮೆ ಬೇಕು. ನೂಲು ಬದಲಾದರೆ ಲೇಪವೂ ಬದಲಾಗಬೇಕೆಂಬ ಈ ನಿಯಮವನ್ನು ವಾಚಕರು ನೆನಪಿನಲ್ಲಿಡಬೇಕಾಗಿ ಪ್ರಾರ್ಥನೆ. ಮುಂದೆ ಗಾಜಿನ ವಿಷಯದಲ್ಲಿ ಇದೇ ನಿಯಮ ಮತ್ತೆ ಬರುತ್ತದೆ.

೩. ಯಂತ್ರಮಗ್ಗವನ್ನು ತಡೆದು ನಿಲ್ಲಿಸಿದ ಗಂಜಿ

ಗಂಜಿಯ ಕೆಲಸ ಎಷ್ಟು ಮಹತ್ವದ್ದೆಂಬುದು ಇಂಗ್ಲೆಂಡಿನ ಚರಿತ್ರೆಯಿಂದ ಸ್ಪಷ್ಟವಾಗುತ್ತದೆ. ೧೭೮೫ರಲ್ಲಿ ಎಡ್ಮಂಡ್ ಕಾರ್ಟ್‌ರೈಟ್ ಯಂತ್ರಮಗ್ಗಕ್ಕೆ ಪೇಟೆಂಟ್ ಪಡೆದನು. ಆದರೆ ಮಗ್ಗ ಬೇಗ ಓಡಿದರೇನು? ಹಾಸಿನ ಸ್ವಲ್ಪ ಸ್ವಲ್ಪ ಭಾಗಕ್ಕೆ ಗಂಜಿ ಹಾಕಿ ಒಣಗಿಸಲು ಮಗ್ಗವನ್ನು ಮತ್ತೆ ಮತ್ತೆ ನಿಲ್ಲಿಸಬೇಕಾಗುತ್ತಿತ್ತು. ಹೀಗೆ ಉಗಿಯ ಶಕ್ತಿಯನ್ನು ಹಿಟ್ಟಿನ ಗಂಜಿ ತಡೆದು ನಿಲ್ಲಿಸಿತ್ತು. ಸ್ಟಾಕ್‌ಪೋರ್ಟಿನ ವಿಲಿಯಂ ರ‍್ಯಾಡ್‌ಕ್ಲಿಫ್ ಎಂಬುವನೂ ಅವನ ಬಳಿ ಕೆಲಸಕ್ಕಿದ್ದ ಥಾಮಸ್ ಜಾನ್ಸನ್ ಎಂಬುವನೂ ಕೂಡಿ ೧೮೦೩-೦೪ರಲ್ಲಿ ಇದಕ್ಕೊಂದು ಪರಿಹಾರ ಕಂಡುಹಿಡಿದರು. ಹಾಸು ಮಗ್ಗಕ್ಕೆ ಏರುವ ಮೊದಲೇ ಅದರ ಪೂರ್ತಿ ಉದ್ದಕ್ಕೂ ಗಂಜಿ ಹಾಕಿ ಒಣಗಿಸುವ ಯಂತ್ರ ಅದು. ಆ ಮೇಲೆಯೇ ಯಂತ್ರಮಗ್ಗಗಳು ತಡೆಯಿಲ್ಲದೆ ಓಡಲು ದಾರಿಯಾಯಿತು. ನಮ್ಮ ನೇಕಾರರು ಬೀದಿಯಲ್ಲಿ ಮಾಡುತ್ತಿದ್ದುದೂ ಇದನ್ನೇ ಅಲ್ಲವೆ? ಮಗ್ಗಕ್ಕೆ ಏರುವ ಮೊದಲು ಇಡೀ ಹಾಸಿಗೆ ಗಂಜಿ. ಅವರಿಗೆ ಬಿಸಿಲೂ ಬೀದಿಯೂ ಇದ್ದುವು. ಮಳೆಯ ದೇಶದವರಿಗೆ ಯಂತ್ರ ಬೇಕಾಯಿತು.

ಕಾಯುವ ಲೇಪವು ಮೋಸದ ಲೇಪವಾದ ಕಥೆಯೂ ಇದೆ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, ೧೮೬೧ರಿಂದ ೧೮೬೫ರವರೆಗೆ, ಹತ್ತಿಯ ಅಭಾವ ತಲೆದೋರಿದಾಗ ಲ್ಯಾಂಕಶೈರಿನ ಗಿರಣಿಗಳಲ್ಲಿ ಗಂಜಿಗೆ ಬಿಳಿ ಜೇಡಿಮಣ್ಣನ್ನು ಬೆರೆಸಿ ಬಟ್ಟೆಯ ತೂಕವನ್ನು ಹೆಚ್ಚಿಸುವ ಪದ್ಧತಿ ಬಲಿಯಿತು. ಭಾರತಕ್ಕೂ ಚೀನಾಕ್ಕೂ ಬಂದ ಅಂತಹ ಬಟ್ಟೆ ಒಂದು ಒಗೆತಕ್ಕೆ ಬಲೆಯಂತಾಗುತ್ತಿತ್ತು. ಹಡಗಿನ ತೇವದಲ್ಲಿ ಬೂಷ್ಟು ಹಿಡಿಯುತ್ತಿತ್ತು. ಅದನ್ನು ನೇಯ್ದ ಕಾರ್ಮಿಕರು ಮಣ್ಣಿನ ಧೂಳನ್ನು ಉಸಿರಾಡಬೇಕಾಯಿತು. ಲೇಪವು ಎಳೆಯ ಸೇವಕನಾಗಿರಬೇಕೇ ಹೊರತು ಎಳೆಯ ವೇಷವನ್ನು ತೊಡಬಾರದೆಂಬುದು ಇದರ ಪಾಠ.

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಹಾರ್ವಿ ಸಹೋದರರ ನೂಲಿನ ಗಿರಣಿ ಮಧುರೆಯಲ್ಲಿ ಆರಂಭವಾದ ಮೇಲೆ ಈ ಸೀಮೆಯಲ್ಲಿಯೂ ಗಿರಣಿಯ ನೂಲು ಬಳಕೆಗೆ ಬಂತು. ಗಾಂಧಿಗ್ರಾಮವು ೧೯೪೭ರಲ್ಲಿ ಚಿನ್ನಾಳಪಟ್ಟಿಯ ಪಕ್ಕದಲ್ಲಿಯೇ ಸ್ಥಾಪಿತವಾಗಿ ಖಾದಿಯ ಕೆಲಸಕ್ಕೆ ಆಶ್ರಯ ಕೊಟ್ಟಿತು. ಕಾಲಕ್ರಮದಲ್ಲಿ ವಿದ್ಯುತ್ ಮಗ್ಗಗಳು ಬಂದುವು. ಗಂಜಿ ಹಾಕಿ ಸುತ್ತಿದ ಸಿದ್ಧ ಹಾಸನ್ನು ಕಾರ್ಖಾನೆಯಿಂದ ತರುವುದು ರೂಢಿಯಾಯಿತು. ಅಕ್ಕಿ ರಾಗಿಗಳ ಜಾಗದಲ್ಲಿ ಮರಗೆಣಸಿನ ಹಿಟ್ಟು, ಮೆಕ್ಕೆಜೋಳದ ಹಿಟ್ಟು, ರಾಸಾಯನಿಕ ಅಂಟುಗಳು ಬಂದುವು. ಬೀದಿಯಲ್ಲಿ ಹಾಸು ಹರಡುವುದು ವಿರಳವಾಯಿತು. ವಿರಳವಾದುದರೊಡನೆ ಅದರ ಮಾತುಗಳೂ ಹಿರಿಯರ ಬಾಯಲ್ಲಿ ಮಾತ್ರ ಉಳಿದುವು.

೪. ಗಾಜಿನ ಎಳೆ

ಈಗ ಗಾಜಿಗೆ ಬರೋಣ. ೧೯೨೦ರಲ್ಲಿ ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿದ್ದ ಎ. ಎ. ಗ್ರಿಫಿತ್ ಎಂಬ ಎಂಜಿನಿಯರನು ಗಾಜು ಏಕೆ ಒಡೆಯುತ್ತದೆಂಬ ಪ್ರಶ್ನೆಯನ್ನು ಕೈಗೆತ್ತಿಕೊಂಡನು. ಗಾಜನ್ನು ಕಾಯಿಸಿ ಎಳೆದು ತೆಳುವಾದ ಎಳೆಗಳನ್ನು ಮಾಡಿ ಅವುಗಳ ಬಲವನ್ನು ಅಳೆದಾಗ, ಅತ್ಯಂತ ಸಣ್ಣ ಎಳೆಯು ದಪ್ಪ ಗಾಜಿನ ಕಡ್ಡಿಗಿಂತ ಸುಮಾರು ಇಪ್ಪತ್ತು ಪಟ್ಟು ಬಲವಾಗಿ ಕಂಡುಬಂದಿತು. ಗಾಜು ದುರ್ಬಲವಾಗುವುದು ಅದರ ಮೈಮೇಲಿನ ಕಣ್ಣಿಗೆ ಕಾಣದ ಗೀರುಗಳಿಂದ ಎಂಬುದು ಅವನ ನಿರ್ಣಯ. ಆಗತಾನೇ ಎಳೆದ ಎಳೆ ಬಲವಾಗಿರುತ್ತದೆ. ಬೆರಳು ಸೋಕಿದರೆ, ಇನ್ನೊಂದು ಎಳೆ ಉಜ್ಜಿದರೆ, ಗೀರು ಬೀಳುತ್ತದೆ, ಬಲ ಕುಗ್ಗುತ್ತದೆ. ಹತ್ತಿಯ ನೂಲು ಮಗ್ಗದಲ್ಲಿ ಮುನ್ನೂರು ಸಲ ಉಜ್ಜಿಸಿಕೊಂಡು ಸಾಯುವುದಾದರೆ ಗಾಜಿನ ಎಳೆ ಒಂದೇ ಸೋಂಕಿಗೆ ಗಾಯಗೊಳ್ಳುತ್ತದೆ.

೧೯೩೦ರ ದಶಕದಲ್ಲಿ ಅಮೆರಿಕದಲ್ಲಿ ಗೇಮ್ಸ್ ಸ್ಲೇಟರ್ ಮತ್ತು ಸಂಗಡಿಗರ ಪ್ರಯತ್ನದಿಂದ ಗಾಜಿನ ನೂಲನ್ನು ಹೇರಳವಾಗಿ ತಯಾರಿಸುವ ವಿಧಾನ ಕೈಗೂಡಿ, ೧೯೩೮ರಲ್ಲಿ ಓವೆನ್ಸ್-ಕಾರ್ನಿಂಗ್ ಫೈಬರ್‌ಗ್ಲಾಸ್ ಕಂಪನಿ ಸ್ಥಾಪಿತವಾಯಿತು. ಕರಗಿದ ಗಾಜನ್ನು ಪ್ಲಾಟಿನಂ ತಟ್ಟೆಯ ನೂರಾರು ಸಣ್ಣ ರಂಧ್ರಗಳಿಂದ ಕೆಳಕ್ಕೆ ಎಳೆಯುತ್ತಾರೆ. ಒಂದೊಂದು ಎಳೆಯೂ ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ತೆಳುವಾಗಿರುತ್ತದೆ. ಅವೆಲ್ಲ ಕೂಡಿ ಒಂದು ನೂಲಾಗುವ ಮೊದಲೇ, ಒಂದನ್ನೊಂದು ಮುಟ್ಟುವ ಮೊದಲೇ, ಒದ್ದೆಯಾದ ಉರುಳೆಯೊಂದರ ಮೇಲೆ ಹಾಯ್ದು ಲೇಪವನ್ನು ಪಡೆಯುತ್ತವೆ. ಆ ಲೇಪ ಯಾವುದು? ನೇಯ್ಗೆಗಾಗಿ ತಯಾರಿಸಿದ ಗಾಜಿನ ನೂಲಿಗೆ ಮೊದಲು ಬಳಸಿದುದು ಹಿಟ್ಟಿನ ಗಂಜಿ ಮತ್ತು ಎಣ್ಣೆ! ಗಂಜಿ ಪೊರೆಯಾಗಿ ನಿಲ್ಲುವುದಕ್ಕೆ, ಎಣ್ಣೆ ಜಾರುವುದಕ್ಕೆ. ನೇಕಾರರ ಕಸುಬಿನ ಹೆಸರಿನೊಡನೆ ಆ ಕಸುಬಿನ ಸಾಮಗ್ರಿಯೂ ಗಾಜಿನ ಕಾರ್ಖಾನೆಯನ್ನು ಹೊಕ್ಕಿತು. ಹೆಸರು ಒಂದಾದುದರ ಗುಟ್ಟು ಇದು.

೫. ಸುಟ್ಟು ತೆಗೆದ ಗಂಜಿ

ಇಲ್ಲಿಯವರೆಗೆ ಎರಡು ಕೆಲಸಗಳೂ ಒಂದೇ ದಾರಿಯಲ್ಲಿ ನಡೆದುವು. ಇಲ್ಲಿಂದ ಮುಂದೆ ದಾರಿ ಕವಲೊಡೆಯುತ್ತದೆ. ಹತ್ತಿಯ ಬಟ್ಟೆ ಮಗ್ಗದಿಂದ ಇಳಿದ ಮೇಲೆ ಗಂಜಿಯ ಕೆಲಸ ಮುಗಿಯಿತು. ಒಗೆದರೆ ಹೋಗುತ್ತದೆ, ಹೋಗಲೇಬೇಕು. ಗಾಜಿನ ಬಟ್ಟೆಯ ನಿಜವಾದ ಕೆಲಸ ಮಗ್ಗದಿಂದ ಇಳಿದ ಮೇಲೆ ಆರಂಭವಾಗುತ್ತದೆ. ಅದನ್ನು ರಾಳದಲ್ಲಿ ನೆನೆಸಿ ಗಟ್ಟಿಮಾಡಿದರೆ ದೊರೆಯುವುದು ಕಾಂಪೋಸಿಟ್ ಎಂದು ಕರೆಯುವ ಸಮ್ಮಿಶ್ರ ವಸ್ತು. ಇದರ ತತ್ತ್ವ ನಮ್ಮ ಹಳ್ಳಿಯ ಮಣ್ಣಿನ ಗೋಡೆಯಲ್ಲಿಯೇ ಇದೆ. ಮಣ್ಣು ಒತ್ತಡವನ್ನು ತಾಳುತ್ತದೆ, ಕಲಸಿದ ಹುಲ್ಲು ಬಿರುಕನ್ನು ಹಿಡಿದು ನಿಲ್ಲಿಸುತ್ತದೆ. ಆದರೆ ಹುಲ್ಲು ಮಣ್ಣನ್ನು ಕಚ್ಚಿಕೊಂಡಿರಬೇಕು. ಜಾರಿದರೆ ಹುಲ್ಲಿದ್ದೂ ಇಲ್ಲದಂತೆ.

ಗಾಜು ಮತ್ತು ರಾಳದ ನಡುವೆ ಗಂಜಿಯ ಪೊರೆ ಉಳಿದರೆ ರಾಳವು ಗಾಜನ್ನು ಕಚ್ಚುವುದಿಲ್ಲ. ಆದುದರಿಂದ ನೇಯ್ದ ಗಾಜಿನ ಬಟ್ಟೆಯನ್ನು ಒಲೆಗೆ ಹಾಕಿ ಗಂಜಿ ಎಣ್ಣೆಗಳನ್ನು ಸುಟ್ಟು ತೆಗೆಯಬೇಕಾಯಿತು. ಸುಟ್ಟರೆ ಗಾಜಿನ ಬಲದ ದೊಡ್ಡ ಭಾಗವೇ ಹೊರಟುಹೋಗುತ್ತದೆ. ಸುಡದಿದ್ದರೆ ಅಂಟುವುದಿಲ್ಲ, ಸುಟ್ಟರೆ ಬಲವಿಲ್ಲ ಎಂಬ ಸಂಕಟ ಒಂದು ಕಡೆ. ಇನ್ನೊಂದು ಕಡೆ ನೀರಿನ ಕಾಟ. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಮಾನಗಳ ರೇಡಾರ್ ಮುಸುಕು ಮೊದಲಾದ ಭಾಗಗಳನ್ನು ಗಾಜಿನ ನೂಲು ಮತ್ತು ರಾಳದಿಂದ ಮಾಡಲಾರಂಭಿಸಿದಾಗ, ತೇವ ತಗುಲಿದರೆ ಅವು ಬಲಗುಂದುತ್ತಿದ್ದುವು. ಗಾಜು ನೀರನ್ನು ಪ್ರೀತಿಸುವ ವಸ್ತು. ನೀರು ನುಸುಳಿ ರಾಳವನ್ನು ಗಾಜಿನ ಮೈಯಿಂದ ಬಿಡಿಸುತ್ತಿತ್ತು.

ಇದಕ್ಕೆ ಪರಿಹಾರವಾಗಿ ೧೯೪೦ರ ದಶಕದಲ್ಲಿ ಮೊದಲು ಕ್ರೋಮಿಯಂ ಸಂಯುಕ್ತವೊಂದು ಬಳಕೆಗೆ ಬಂತು. ಆ ಬಳಿಕ ಸಿಲೇನ್ ಎಂಬ ಸಿಲಿಕಾನಿನ ಸಂಯುಕ್ತಗಳ ಸರದಿ. ೧೯೪೭ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯದ ರಾಲ್ಫ್ ವಿಟ್ ಮತ್ತು ಸಂಗಡಿಗರು, ೧೯೫೨ರಲ್ಲಿ ಬ್ಯೋರ್ಕ್‌ಸ್ಟೆನ್ ಮತ್ತು ಯೇಗರ್ ಇದರ ಫಲವನ್ನು ತೋರಿಸಿಕೊಟ್ಟರು. ಮುಂದೆ ಎಡ್ವಿನ್ ಪ್ಲೂಡೆಮನ್ನನು ಡೌ ಕಾರ್ನಿಂಗ್ ಸಂಸ್ಥೆಯಲ್ಲಿ ಈ ವಿಷಯಕ್ಕೆ ತನ್ನ ಜೀವಮಾನವನ್ನೇ ಮೀಸಲಿಟ್ಟನು. ಸಿಲೇನಿನ ಕಣದ ಒಂದು ತುದಿ ಗಾಜಿನೊಡನೆ ಬೆಸೆಯುತ್ತದೆ, ಇನ್ನೊಂದು ತುದಿ ರಾಳದೊಡನೆ ಬೆಸೆಯುತ್ತದೆ. ಎರಡು ಭಾಷೆ ಬಲ್ಲವನು ಎರಡು ಊರಿನವರ ನಡುವೆ ನಿಂತು ಮಾತು ಕೂಡಿಸುವಂತೆ ಅದು ಕೆಲಸಮಾಡುತ್ತದೆ. ಗಡಿನಾಡಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಈಗಿನ ಗಾಜಿನ ನೂಲಿನ ಲೇಪದಲ್ಲಿ ಬಹುಪಾಲು ನೀರು. ಅದರಲ್ಲಿ ಪೊರೆಗಟ್ಟುವ ವಸ್ತು, ಜಾರಿಸುವ ವಸ್ತು, ಬೆಸೆಯುವ ಸಿಲೇನ್. ಒಣಗಿದ ಮೇಲೆ ಉಳಿಯುವ ಲೇಪ ಸಾಮಾನ್ಯವಾಗಿ ನೂಲಿನ ತೂಕದ ನೂರಕ್ಕೆ ಒಂದರಷ್ಟೇ. ಮೊದಲ ಎರಡು ವಸ್ತುಗಳ ಕೆಲಸವು ನಮ್ಮ ಗಂಜಿ ಎಣ್ಣೆಗಳ ಕೆಲಸವೇ ಆಗಿದೆ. ಮೂರನೆಯದು ಮಾತ್ರ ಹೊಸದು. ನೇಕಾರನ ಲೇಪ ಹೋಗಲೆಂದು ಹಾಕಿದುದು. ಇದು ಉಳಿಯಲೆಂದು ಹಾಕಿದುದು. ಚರಿತ್ರೆಯ ದೃಷ್ಟಿಯಿಂದ ಮುಖ್ಯವಾದ ಭೇದ ಇದೇ.

೬. ಬೆಂಕಿಯಲ್ಲಿ ನಿಲ್ಲುವ ಎಳೆ

ಗಾಜಿನ ಬಳಿಕ ಇಂಗಾಲದ ನಾರು ಬಂತು. ೧೯೬೦ರ ದಶಕದಲ್ಲಿ ಜಪಾನಿನಲ್ಲಿಯೂ ಇಂಗ್ಲೆಂಡಿನಲ್ಲಿಯೂ ಅದರ ತಯಾರಿಕೆ ಸಿದ್ಧಿಸಿತು. ಇಂಗಾಲದ ಮೈ ನುಣುಪು, ರಾಳ ಹಿಡಿಯುವುದಿಲ್ಲ. ಅದಕ್ಕಾಗಿ ಮೊದಲು ಮೈಯನ್ನು ಆಮ್ಲಜನಕದ ಕ್ರಿಯೆಯಿಂದ ಸಿದ್ಧಪಡಿಸಿ, ಬಳಿಕ ತೆಳುವಾದ ಎಪಾಕ್ಸಿ ಲೇಪವನ್ನು ಕೊಡುತ್ತಾರೆ. ಬೆಂಗಳೂರಿನಲ್ಲಿ ೨೦೦೧ರ ಜನವರಿ ೪ರಂದು ಮೊದಲ ಬಾರಿ ಹಾರಿದ ತೇಜಸ್ ವಿಮಾನದ ಹೊರಮೈಯ ಬಹುಭಾಗ ಇಂತಹ ಇಂಗಾಲದ ನಾರಿನ ಸಮ್ಮಿಶ್ರ ವಸ್ತುವಿನದು.

ಇನ್ನೂ ಹೆಚ್ಚಿನ ಶಾಖಕ್ಕೆ ರಾಳ ನಿಲ್ಲುವುದಿಲ್ಲ. ೧೯೭೫ರಲ್ಲಿ ಜಪಾನಿನ ಯಾಜಿಮಾ ಎಂಬ ವಿಜ್ಞಾನಿಯು ಸಿಲಿಕಾನ್ ಕಾರ್ಬೈಡಿನ ನಾರನ್ನು ಮಾಡುವ ವಿಧಾನವನ್ನು ಪ್ರಕಟಿಸಿದನು. ಈ ನಾರನ್ನು ಪಿಂಗಾಣಿಯಂತಹ ಗಟ್ಟಿವಸ್ತುವಿನಲ್ಲಿ ಹುದುಗಿಸುವಾಗ ಒಂದು ವಿಚಿತ್ರ ಕಂಡುಬಂತು. ನಾರು ಮತ್ತು ಪಿಂಗಾಣಿ ತೀರ ಬಲವಾಗಿ ಬೆಸೆದುಕೊಂಡರೆ ಬಿರುಕು ನೆಟ್ಟಗೆ ನಾರನ್ನೂ ಕಡಿದುಕೊಂಡು ಹೋಗುತ್ತದೆ. ನಡುವೆ ಬೋರಾನ್ ನೈಟ್ರೈಡ್ ಅಥವಾ ಇಂಗಾಲದ ತೆಳುವಾದ, ಸ್ವಲ್ಪ ಸಡಿಲವಾದ ಲೇಪವಿದ್ದರೆ ಬಿರುಕು ಅಲ್ಲಿ ದಾರಿ ತಪ್ಪಿ ನಾರಿನ ಮಗ್ಗುಲಲ್ಲಿ ಹರಿದು ತನ್ನ ಬಲ ಕಳೆದುಕೊಳ್ಳುತ್ತದೆ. ೨೦೧೬ರಿಂದ ಪ್ರಯಾಣಿಕರ ವಿಮಾನಗಳಲ್ಲಿ ಬಳಕೆಗೆ ಬಂದ ಲೀಪ್ ಎಂಜಿನ್ನಿನ ಬಿಸಿಯ ಭಾಗದಲ್ಲಿ ಈ ಜಾತಿಯ ವಸ್ತುವಿದೆ. ಬಿಗಿಯೂ ಬೇಕು, ಬಿಗಿ ಮಿತಿಯಲ್ಲಿಯೂ ಇರಬೇಕು. ಗಂಜಿ ಹೆಚ್ಚಾದರೆ ನೂಲು ಕಡ್ಡಿಯಾಗಿ ಮುರಿಯುತ್ತದೆಂದು ಮೇಲೆ ಹೇಳಿದುದನ್ನು ಇಲ್ಲಿ ಹೋಲಿಸಿ ನೋಡಬಹುದು. ಕಾರಣಗಳು ಬೇರೆ, ವಿವೇಕ ಒಂದೇ.

೭. ಬಾಳೆಯ ನಾರು

ಕಂಬಂ ಕಣಿವೆಯಲ್ಲಿಯೂ ಚಿನ್ನಮನೂರಿನ ಸುತ್ತಲೂ ಬಾಳೆಯ ತೋಟಗಳು ವಿಸ್ತಾರವಾಗಿವೆ. ಗೊನೆ ಕಡಿದ ಮೇಲೆ ಉಳಿಯುವ ದಿಂಡಿನ ಪಟ್ಟೆಯಿಂದ ನಾರು ತೆಗೆಯಬಹುದು. ಹೂ ಕಟ್ಟಲು ಅದನ್ನು ಬಳಸದ ಮನೆಯಿಲ್ಲ. ಬಾಳೆ, ಕತ್ತಾಳೆ ಮೊದಲಾದ ನಾರುಗಳನ್ನು ಗಾಜಿನ ಬದಲು ರಾಳದಲ್ಲಿ ಹುದುಗಿಸುವ ಪ್ರಯೋಗಗಳು ದಕ್ಷಿಣ ಭಾರತದ ಅನೇಕ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ನಡೆದಿವೆ. ಇಲ್ಲಿಯೂ ತೊಡಕು ಮೈಯದೇ. ಗಿಡದ ನಾರು ನೀರು ಕುಡಿಯುತ್ತದೆ, ರಾಳ ನೀರನ್ನು ಒಲ್ಲದು. ನಾರನ್ನು ಕಾಸ್ಟಿಕ್ ಸೋಡದ ತಿಳಿದ್ರಾವಣದಲ್ಲಿ ನೆನೆಸಿ ಮೈಮೇಲಿನ ಮೇಣ ಅಂಟುಗಳನ್ನು ತೆಗೆಯುವುದು, ಬಳಿಕ ಸಿಲೇನ್ ಲೇಪಿಸುವುದು ಅದಕ್ಕೆ ಕಂಡುಕೊಂಡ ಉಪಾಯಗಳು. ಹತ್ತಿಗೊಂದು ಲೇಪ, ಕೃತಕ ರೇಷ್ಮೆಗೊಂದು, ಗಾಜಿಗೊಂದು, ಬಾಳೆಗೊಂದು. ಎಳೆಯ ಗುಣವನ್ನು ಅರಿತವನೇ ಲೇಪವನ್ನು ಅರಿತವನು.

೮. ನಮ್ಮ ಕರ್ತವ್ಯ

ಇಷ್ಟನ್ನು ಹೇಳಿದ ಮೇಲೆ ಎರಡು ತಪ್ಪು ಕಲ್ಪನೆಗಳನ್ನು ದೂರಮಾಡಬೇಕು. ಆಧುನಿಕ ವಿಜ್ಞಾನದ ಈ ಲೇಪಗಳೆಲ್ಲ ನಮ್ಮ ಹಿರಿಯರಿಗೆ ಮೊದಲೇ ತಿಳಿದಿದ್ದುವೆಂಬ ಹೆಮ್ಮೆ ಮೊದಲನೆಯದು. ಅದು ಸಲ್ಲದು. ಗಾಜು ಮತ್ತು ರಾಳವನ್ನು ಬೆಸೆಯುವ ವಿದ್ಯೆಯು ರಸಾಯನಶಾಸ್ತ್ರದಿಂದ ಬಂತು, ಬೀದಿಯ ಗಂಜಿಯಿಂದ ಬರಲಿಲ್ಲ. ಬೀದಿಯಲ್ಲಿ ಗಂಜಿ ಸವರಿದವರದು ಬರಿಯ ಕೂಲಿಕೆಲಸ, ಅದರಲ್ಲಿ ವಿದ್ಯೆಯೇನೂ ಇಲ್ಲವೆಂಬ ತಾತ್ಸಾರ ಎರಡನೆಯದು. ಇದು ಮೊದಲನೆಯದಕ್ಕಿಂತ ಕೆಟ್ಟದ್ದು. ಎಳೆ ಕಡಿಯುವುದು ಮೈಯ ಗಾಯದಿಂದ, ಎಳೆಯನ್ನು ಕಾಯುವುದು ಮೈಯ ಲೇಪದಿಂದ, ಆ ಲೇಪ ತೆಳುವಾಗಿಯೂ ಮೆದುವಾಗಿಯೂ ಹದವಾಗಿಯೂ ಇರಬೇಕು ಎಂಬ ಮೂರು ಮಾತುಗಳನ್ನು ಅವರು ಪುಸ್ತಕವಿಲ್ಲದೆ ಬಲ್ಲವರಾಗಿದ್ದರು. ಗಾಜಿನ ಕಾರ್ಖಾನೆಯವರು ಮೊದಲ ಪಾಠವನ್ನು ಕಲಿತದ್ದು ಅಂತಹ ನೇಕಾರರ ಪರಂಪರೆಯಿಂದಲೇ.

ನಮ್ಮ ಉಪಾಧ್ಯಾಯ ಬಂಧುಗಳಲ್ಲಿ ಒಂದು ವಿನಂತಿ. ಆಂಡಿಪಟ್ಟಿಯ ಬಳಿಯ ಸಕ್ಕಂಪಟ್ಟಿ, ಟಿ. ಸುಬ್ಬುಲಾಪುರಗಳಂತಹ ನೇಯ್ಗೆಯ ಊರುಗಳಲ್ಲಿ, ಬೋಡಿಯಲ್ಲಿ, ಚಿನ್ನಾಳಪಟ್ಟಿಯಲ್ಲಿ, ಬೀದಿಯಲ್ಲಿ ಹಾಸು ಹರಡಿದ ನೆನಪುಳ್ಳ ವೃದ್ಧರಿರುವಾಗಲೇ ಅವರನ್ನು ಕೇಳಿ ಬರೆದುಕೊಳ್ಳಿ. ಕುಂಚಕ್ಕೆ ಅವರ ಮನೆಮಾತಿನಲ್ಲಿ ಏನೆನ್ನುತ್ತಾರೆ? ಎಳೆ ಬಿಡಿಸುವ ಕೋಲಿಗೆ ಏನು ಹೆಸರು? ಗಂಜಿಯ ಹದವನ್ನು ಯಾವ ಮಾತಿನಿಂದ ಹೇಳುತ್ತಿದ್ದರು? ಯಾವ ಧಾನ್ಯ, ಎಷ್ಟು ನೀರು, ಯಾವ ಎಣ್ಣೆ? ಮನೆಯ ಹೆಂಗಸರನ್ನು ಮುಖ್ಯವಾಗಿ ಕೇಳಬೇಕು. ಗಂಜಿ ಕಾಯಿಸಿದವರು ಅವರು. ಬರೆಯುವುದು ಕನ್ನಡ ಲಿಪಿಯಲ್ಲಾದರೂ ಸರಿ, ತಮಿಳು ಲಿಪಿಯಲ್ಲಾದರೂ ಸರಿ. ಮಾತು ಉಳಿದರೆ ಸಾಕು. ತರಗತಿಯ ಮಕ್ಕಳಿಗೆ ಒಂದು ಹಸಿ ನೂಲನ್ನೂ ಗಂಜಿ ಹಾಕಿ ಒಣಗಿಸಿದ ಒಂದು ನೂಲನ್ನೂ ಕೊಟ್ಟು, ಬಾಚಣಿಗೆಯ ಹಲ್ಲಿನ ಮೇಲೆ ಉಜ್ಜಿ ಎಷ್ಟು ಸಲಕ್ಕೆ ಯಾವುದು ಕಡಿಯುತ್ತದೆಂದು ಎಣಿಸಲು ಹೇಳಿದರೆ, ಭೌತಶಾಸ್ತ್ರದ ಪಾಠವೂ ಊರಿನ ಚರಿತ್ರೆಯ ಪಾಠವೂ ಒಂದೇ ಗಂಟೆಯಲ್ಲಿ ಆಗುತ್ತದೆ.

ಘಟ್ಟದ ಸಂದಿನಿಂದ ಆಷಾಢದ ಗಾಳಿ ಎಂದಿನಂತೆ ಬೀಸುತ್ತದೆ. ಒಂದು ಕಾಲಕ್ಕೆ ಅದು ಬೀದಿಯ ಹಾಸನ್ನು ಕೆದರುತ್ತಿತ್ತು. ಈಗ ಗಾಜಿನ ನೂಲಿನ ರೆಕ್ಕೆಗಳನ್ನು ತಿರುಗಿಸಿ ವಿದ್ಯುತ್ತು ಕೊಡುತ್ತದೆ. ಆ ರೆಕ್ಕೆಯ ಒಳಗಿನ ಒಂದೊಂದು ಎಳೆಯ ಮೈಮೇಲೆಯೂ ಗಂಜಿಯ ಕೆಲಸವನ್ನು ಮುಂದುವರಿಸುವ ಲೇಪವಿದೆ. ರೆಕ್ಕೆಯ ಲೆಕ್ಕವನ್ನು ಇಡುವವರು ಇದ್ದಾರೆ. ಗಂಜಿಯ ಲೆಕ್ಕವನ್ನು ಇಡಬೇಕಾದವರು ನಾವು.